ಮಾವ ಕೊಟ್ಟ ವಾಚಿನ ಚೈನಿಗೆ ನಾನು ಕೊಟ್ಟ ಪಾಲಿಶು

ತಲೆಗೂದಲಿನಂಥ ರೇಷ್ಮೆ ಎಳೆ ಹರಿದರೂ ಕಣ್ಣುಮುಚ್ಚಿ ಗಂಟು ಹಾಕುವ ನೇಕಾರನ ಕೈ ನನ್ನದು. ಅಂಥ ಕೈಗೆ ಒಂದು ವಾಚಿನ ಚೈನು ಯಾವ ಲೆಕ್ಕ? ಹೀಗಂದುಕೊಂಡೇ ಆ ಶುಕ್ರವಾರ ಬೆಳಗ್ಗೆ, ಸೇಲಂನ ನಮ್ಮ ಮನೆಯಲ್ಲಿ, ಮಗ್ಗದ ಪಕ್ಕ ಚಾಪೆ ಹಾಸಿ ಕೂತೆ.

ಮದುವೆಯಲ್ಲಿ ಮಾವ ಕೊಟ್ಟ ವಾಚದು. ಚಿನ್ನದ ಬಣ್ಣದ ಚೈನು. ಏಳು ವರ್ಷ ಮಗ್ಗದ ಮರಕ್ಕೆ ಉಜ್ಜಿ ಮೈತುಂಬ ಗೀರು, ಸಂದಿತುಂಬ ಕೊಳೆ. ಭಾನುವಾರ ನಮ್ಮ ಮಗಳಿಗೆ ಕಿವಿ ಚುಚ್ಚುವ ಶಾಸ್ತ್ರ. ಅದಕ್ಕೆ ಮಾವ ಕಂಬೈನಲ್ಲೂರಿಂದ ಬರುವವರಿದ್ದರು. ತಾವು ಕೊಟ್ಟ ವಸ್ತು ಹೇಗಿದೆ ಅಂತ ನೋಡದೆ ನೀರೂ ಕುಡಿಯುವವರಲ್ಲ! ಹಿಂದಿನ ಸಲ ಅವರು ಕೊಟ್ಟ ಹಂಡೆ ನೆಗ್ಗಿದ್ದು ಕಂಡು ಅರ್ಧ ಊಟಕ್ಕೇ ಎದ್ದಿದ್ದರು.

"ಏನ್ರೀ, ವಾಚ್ ಅಂಗ್ಡೀಗ್ ಕೊಡ್ಬಾರ್ದಾ?" ಅಂದಳು ಹೆಂಡತಿ ಸರೋಜ.

"ಅಂಗ್ಡಿಯವ್ನೇನ್ ಆಕಾಶ್ದಿಂದ ಇಳ್ದವ್ನಾ?" ಅಂದೆ.

ಚೈನು ಬಿಡಿಸಲು ಸೂಜಿಯಿಂದ ಪಿನ್ನನ್ನು ಒತ್ತಿದೆ. ಅದರೊಳಗೆ ಸ್ಪ್ರಿಂಗಿರುತ್ತದೆ ಅಂತ ನನಗೆ ಯಾರು ಹೇಳಿದ್ದರು? ಟಣ್ ಅಂತ ಹಾರಿ, ನೇಯುವಾಗ ಕಾಲು ಇಳಿಬಿಡುವ ಮಗ್ಗದ ಗುಂಡಿಗೆ ಬಿತ್ತು. ಇಳಿದು, ತಡಕಾಡಿ, ಹುಡುಕಿ ತಂದೆ. ಈಗ ಅನುಭವ ಬಂದಿತ್ತು. ಬಹಳ ಎಚ್ಚರದಿಂದ ಎರಡನೆಯದನ್ನು ಒತ್ತಿದೆ. ಅದೂ ಹಾರಿತು!

ನಾನು ಮತ್ತೆ ಗುಂಡಿಯಲ್ಲಿದ್ದಾಗ ಸರೋಜ ಚೈನನ್ನು ಸೋಪಿನ ನೀರಲ್ಲಿ ನೆನೆಸಿ, ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿಬಿಟ್ಟಳು. ಕೊಳೆಯೆಲ್ಲ ಹೋಗಿ ಮಿಣಮಿಣ ಅನ್ನತೊಡಗಿತು.

"ಪೋದುಂ, ಇಷ್ಟ್ ಸಾಕು. ಚೆನ್ನಾಗೈತೆ, ಬುಟ್ಬುಡ್ರಿ" ಅಂದಳು.

ಬಿಟ್ಟಿದ್ದರೆ ನಾನು ಮನುಷ್ಯನಾಗಿರುತ್ತಿದ್ದೆ. ಆದರೆ ಗೀರುಗಳು ಇನ್ನೂ ಇದ್ದವಲ್ಲ! ಬಾಗಿಲಿಗೆ ಬಣ್ಣ ಹೊಡೆದಾಗ ಉಳಿದಿದ್ದ, ಮರ ಉಜ್ಜುವ ಉಪ್ಪುಕಾಗದ ತಂದೆ. ಉದ್ದಕ್ಕೆ ಉಜ್ಜಿದೆ. ಅಡ್ಡಕ್ಕೆ ಉಜ್ಜಿದೆ. ಸಮಾಧಾನವಾಗದೆ ದುಂಡಗೂ ಉಜ್ಜಿದೆ. ಹಳೇ ಗೀರುಗಳು ನಿಜವಾಗಿಯೂ ಮಾಯವಾದವು, ಹೊಸ ಗೀರುಗಳ ಅಡಿಯಲ್ಲಿ. ಅಲ್ಲಲ್ಲಿ ಚಿನ್ನವೂ ಮಾಯವಾಗಿ ಒಳಗಿನ ಬಿಳುಪು ಇಣುಕಿತು. ಸರೋಜ ನೋಡಿದಳು. ಉಪ್ಪುಕಾಗದ ಕಿತ್ತುಕೊಂಡು ಒಲೆಗೆ ಹಾಕಿದಳು.

ಪಕ್ಕದ ಮನೆ ಚಿನ್ನಪ್ಪ ಬೆಳ್ಳಿ ಕಾಲ್ಗೆಜ್ಜೆ ತಯಾರಿಸುವ ಪಟ್ಟರೆಯಲ್ಲಿ ಪಾಲಿಶ್ ಮಾಡುವವನು. ಅಲ್ಲಿಗೇ ಓಡಿದೆ.

"ಇದೇನ್ಲಾ, ಕರಡಿ ಪರಚ್ತಾ?" ಅಂದ.

"ನಾನೇ ಕಣ್ಲಾ."

"ಮೇಲಿರೋದ್ ಬರೀ ಬಣ್ಣ, ಒಳಗೆಲ್ಲಾ ಸ್ಟೀಲು. ಒಂದೇ ಕಡೀಕ್ ಎಳೀಬೇಕಿತ್ತು. ಇರು, ಮರದ್ ತುಂಡಿಗೆ ಬಿಗ್ಯಾಗಿ ಸುತ್ತಿ, ಆಮೇಲ್ ಮಿಷಿನ್ಗೆ ಇಡಾಣ. ಜೋತಾಡ್ತಿದ್ರೆ ಚಕ್ರ ಕಿತ್ಕಂಡ್ ಓಗ್ತದೆ."

ಅವನು ಮರದ ತುಂಡು ಹುಡುಕಲು ಒಳಗೆ ಹೋದ. ಗರಗರ ತಿರುಗುವ ಬಟ್ಟೆಯ ಚಕ್ರ ನನ್ನ ಮುಂದೆಯೇ ಇತ್ತು. ಅಷ್ಟು ಮೆತ್ತನೆಯ ಬಟ್ಟೆ ಏನು ಮಾಡೀತು? ಸುಮ್ಮನೆ ಮುಟ್ಟಿಸಿ ನೋಡಿದೆ.

ಚೈನು ನನ್ನ ಕೈಯಲ್ಲಿರಲಿಲ್ಲ. ಮೇಲೆ ತಗಡಿನ ಸೂರು ಢಣಾರ್ ಅಂದಿತು. ಆಮೇಲೆ ಗೆಜ್ಜೆ ತೊಳೆಯುವ ಟಬ್ಬಿನಲ್ಲಿ ಗುಳುಂ! ಅಲ್ಲಿ ಕೂತಿದ್ದ ಹೆಂಗಸರು "ಅಯ್ಯೋ, ಎನ್ನಾ ಅದು?" ಅಂತ ಕಿರುಚಿ ಎದ್ದರು. ಟಬ್ಬಿನ ತುಂಬ ಸೀಗೆಯಂತೆ ನೊರೆ, ನೊರೆಯೊಳಗೆ ರಾಶಿ ಗೆಜ್ಜೆ. ಎಲ್ಲವೂ ಚೈನುಗಳೇ! ಚಿನ್ನಪ್ಪ ನನ್ನನ್ನು ಕೂರಿಸಿ ಒಂದೊಂದನ್ನೂ ಅಲ್ಲಾಡಿಸಲು ಹೇಳಿದ. ಜಲ್ ಅಂದದ್ದು ಅವರದು. ಜಲ್ ಅನ್ನದ್ದು ನನ್ನದು. ಸಂಸಾರಸ್ಥನೊಬ್ಬ ಗೆಜ್ಜೆ ಆಡಿಸುವುದನ್ನು ನೋಡಲು ಪಟ್ಟರೆಯವರೆಲ್ಲ ಕೆಲಸ ನಿಲ್ಲಿಸಿದರು.

ಕೊನೆಗೆ ಸಿಕ್ಕಿತು. ಚಿನ್ನಪ್ಪ ನನ್ನನ್ನು ದೂರದ ಸ್ಟೂಲಿನಲ್ಲಿ ಕೂರಿಸಿ, ಉಳಿದ ಬಣ್ಣವನ್ನೆಲ್ಲ ತೆಗೆದು, ನಯವಾದ ಕಾಗದದಲ್ಲಿ ಒಂದೇ ದಿಕ್ಕಿಗೆ ಎಳೆದು, ಅಂಚುಗಳಿಗೆ ಮಾತ್ರ ಹೊಳಪು ಕೊಟ್ಟ. ಚೈನು ಬೆಳ್ಳಿಯಂತೆ ಬೆಳಗಿತು. ಚೆಂದವೇ. ಆದರೆ ಮಾವ ಕೊಟ್ಟದ್ದು ಚಿನ್ನದ ಬಣ್ಣದ್ದು!

ಭಾನುವಾರ ಸೆಕೆಯಲ್ಲೂ ತುಂಬುತೋಳಿನ ಅಂಗಿ ಹಾಕಿದೆ. ಪ್ರಯೋಜನವಾಗಲಿಲ್ಲ. ಮಾವ ಬಂದವರೇ ಅಳಿಯನ ಕೈ ಹಿಡಿದು ತೋಳು ಸರಿಸಿದರು.

"ಏನ್ ಮಾಪ್ಳೆ, ಬೆಳ್ಳಗಾಗೈತೆ?"

ಅವರು ತಿರುಗಿಸಿ ನೋಡಿದರು, ಬೆಳಕಿಗೆ ಹಿಡಿದು ನೋಡಿದರು.

"ಅಪ್ಪಾ, ಎಷ್ಟ್ ಚೆನ್ನಾಗೈತೆ! ನನ್ಗೆ ಆ ಅಳದಿ ಬಣ್ಣ ಅವತ್ತೇ ಇಡಿಸ್ನಿಲ್ಲ. ನಿಮ್ಮತ್ತೆ ಆರಿಸಿದ್ದು. ಯಾರ್ ಮಾಡಿದ್ದು?"

ನನ್ನ ಎದೆ ಎರಡು ಅಂಗುಲ ಉಬ್ಬಿತು. ಬಾಯಿ ತೆರೆದೆ. ಸರೋಜ ಮೊದಲೇ ತೆರೆದಳು.

"ಕೆಡ್ಸಿದ್ದು ಇವ್ರು. ಸರಿ ಮಾಡಿದ್ದು ಚಿನ್ನಪ್ಪಣ್ಣ."

ಮಾವ ತಮ್ಮ ಕೈಯ ವಾಚನ್ನೂ ಬಿಚ್ಚಿದರು. ನಾನು ಭಕ್ತಿಯಿಂದ ಎರಡೂ ಕೈ ಚಾಚಿದೆ. ಅವರು ನನ್ನನ್ನು ದಾಟಿ ಹೋಗಿ ಅದನ್ನು ಸರೋಜಳ ಕೈಗೆ ಕೊಟ್ಟರು.

"ಚಿನ್ನಪ್ಪನ್ ತಾವ ನೀನೇ ತಕ್ಕೊಂಡ್ ಓಗಮ್ಮಾ. ಮಾಪ್ಳೆ ಜತೇಲ್ ಬರ್ಲಿ, ದಾರಿ ತೋರ್ಸಾಕೆ."

ಅವಳು ಮುಂದೆ ನಡೆದಳು. ದಾರಿ ಅವಳಿಗೆ ಗೊತ್ತಿತ್ತು.