ಮನೆಗೆ ಗಾಳಿ ಹೊಡೆಸಿದ ಮಾವ

ಕೊಳ್ಳೇಗಾಲದಲ್ಲಿ ಮನೆಗೆ ಸುಣ್ಣ ಹೊಡೆಸುವವರಿದ್ದಾರೆ, ಬಣ್ಣ ಹೊಡೆಸುವವರಿದ್ದಾರೆ. ಮನೆಗೆ ಗಾಳಿ ಹೊಡೆಸಿದವರು ಮಾತ್ರ ನಮ್ಮ ಸೋದರಮಾವ ಒಬ್ಬರೇ! ಅದೂ ಎಲ್ಲಿ? ಪಂಚರ್ ಅಂಗಡಿಯಲ್ಲಿ. ಬೈಕಿನವರು, ಆಟೋದವರು ಸಾಲಾಗಿ ಕಾಯುತ್ತಿರುವಾಗ ನಮ್ಮ ಮಾವ ಮಂಚ, ಒಲೆ, ದೇವರ ಪಟ, ಕಿಟಕಿ ಪರದೆಗಳ ಸಮೇತ ಬಂದು ಅವರ ಹಿಂದೆ ನಿಲ್ಲುತ್ತಿದ್ದರು. ಅಂಗಡಿಯವನು ಚಕ್ರದ ಹತ್ತಿರ ಬಗ್ಗಿದರೆ, "ಚಕ್ರಕ್ಕಲ್ಲ ಕಣಪ್ಪ, ಮನೆಗೆ" ಅನ್ನುತ್ತಿದ್ದರು.

ಈ ಕಥೆಯನ್ನು ಮದುವೆ ಮನೆಗಳಲ್ಲಿ, ಬೀಗರೂಟಗಳಲ್ಲಿ ಎಷ್ಟೋ ಸಲ ಹೇಳಿ ಜನರನ್ನು ನಗಿಸಿದ್ದೇನೆ. ಈಗೀಗ ಅರ್ಧಕ್ಕೇ ನಿಲ್ಲಿಸಿಬಿಡುತ್ತೇನೆ. ಕೇಳುವವರು ಅಷ್ಟಕ್ಕೇ ಹೊಟ್ಟೆ ಹಿಡಿದುಕೊಂಡು ನಗುವುದರಿಂದ ಉಳಿದರ್ಧವನ್ನು ಯಾರೂ ಕೇಳುವುದಿಲ್ಲ. ಇಲ್ಲಿ ಪೂರ್ತಿ ಹೇಳುತ್ತೇನೆ.

ಮಾವ ರೇಷ್ಮೆ ಸೀರೆ ನೇಯುವವರು. ಹುಡುಗನಾಗಿದ್ದಾಗ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟವರು ತಲೆ ನರೆತ ಮೇಲೆಯೇ ಎತ್ತಿದ್ದು. ಮಗ್ಗದಲ್ಲಿ ಉದ್ದಕ್ಕೆ ಹೂಡಿದ ಹಾಸಿನ ಎಳೆ ಬಿಗಿಯಾಗಿದ್ದರೆ ಸೀರೆ, ಸಡಿಲವಾದರೆ ಗೋಣಿಚೀಲ ಅನ್ನುವುದು ಅವರ ಸಿದ್ಧಾಂತ. ಈ ಸಿದ್ಧಾಂತ ಮಗ್ಗದಲ್ಲೇ ಉಳಿದಿದ್ದರೆ ಯಾರ ತಕರಾರೂ ಇರಲಿಲ್ಲ. ಅವರು ಕಟ್ಟಿದ ಬಟ್ಟೆಹಗ್ಗಕ್ಕೆ ಕ್ಲಿಪ್ಪು ಹಾಕಿದರೆ ಅದು ಪಕ್ಕದ ಮನೆಯ ಅಂಗಳಕ್ಕೆ ಹಾರುತ್ತಿತ್ತು. ಅವರು ಬಿಗಿದ ನವಾರಿನ ಮಂಚದ ಮೇಲೆ ಮಲಗಿದವರು ಬೆಳಿಗ್ಗೆ ನೆಲದ ಮೇಲೆ ಏಳುತ್ತಿದ್ದರು. ನಮ್ಮ ಅಕ್ಕನ ಮದುವೆಯಲ್ಲಿ ಚಪ್ಪರದ ಹಗ್ಗ ಸಡಿಲವಾಗಿದೆಯೆಂದು ಯಾರಿಗೂ ಹೇಳದೆ ಹೋಗಿ ಎಳೆದರು. ಕಂಬ ಕಿತ್ತು ಬಂತು. ಗಂಡಿನ ಕಡೆಯವರು ಬಿಸಿಲಲ್ಲೇ ಊಟ ಮಾಡಿದರು. "ಕಂಬ ನೆಟ್ಟೋನದ್ದು ತಪ್ಪು" ಅಂತ ಮಾವ ಈಗಲೂ ಹೇಳುತ್ತಾರೆ.

ಇಂಥವರಿಗೆ ಗಾಡಿಯ ಹುಚ್ಚು ಹಿಡಿದದ್ದು ಅತ್ತೆಯ ಬೆನ್ನಿನಿಂದ. ಅತ್ತೆಗೆ ಬೆನ್ನುಮೂಳೆಯ ಆಪರೇಷನ್ ಆಯಿತು. ಆಮೇಲೆ ಕೂತು ಪ್ರಯಾಣ ಮಾಡುವುದು ಸಾಧ್ಯವಾಗಲಿಲ್ಲ. ಮಲಗಿ ಹೋಗಬಹುದು, ಆದರೆ ಕುಲುಕಾಟ ಕೂಡದು ಅಂದರು ಡಾಕ್ಟರು. ಅತ್ತೆಗೆ ಹೋಗಬೇಕಾಗಿದ್ದದ್ದು ಒಂದೇ ಊರಿಗೆ. ಹನೂರು ದಾಟಿ ಬೆಟ್ಟದ ದಾರಿಯಲ್ಲಿ ಸಿಗುವ ಕೌದಳ್ಳಿಗೆ. ಅಲ್ಲಿ ಅವರ ಅಕ್ಕ ಇದ್ದರು. ತಾಯಿ ಸತ್ತ ಮೇಲೆ ಅತ್ತೆಯನ್ನು ಸಾಕಿದವರು ಅವರೇ. ಅವರಿಗೆ ಮಂಡಿ ಸವೆದು ಹೊಸ್ತಿಲು ದಾಟಲು ಆಗುತ್ತಿರಲಿಲ್ಲ. ಇಬ್ಬರೂ ದಿನಾ ಫೋನಿನಲ್ಲಿ ಮುಖ ನೋಡಿಕೊಳ್ಳುತ್ತಿದ್ದರು.

"ಒಂದ್ ಸಲ ನಿನ್ನ ಕಣ್ತುಂಬ ನೋಡ್ಬೇಕು ಕಣವ್ವ" ಅನ್ನುತ್ತಿದ್ದರು ಅಕ್ಕ.

"ಈಗ ನೋಡ್ತಿಲ್ವಾ ಅಕ್ಕ?"

"ಫೋನಲ್ಲಿ ನೋಡ್ಬೋದು. ಫೋನಲ್ಲಿ ನಿಂಗೆ ತಲೆ ಬಾಚಕಾಯ್ತದ?"

ಆಂಬುಲೆನ್ಸ್ ಮಾಡಿಕೊಂಡು ಹೋಗಬಹುದಲ್ಲ ಅಂತ ನಾನು ಹೇಳಿದೆ. "ಅವಳಕ್ಕನ ಮನೆ ಮುಂದೆ ಆಂಬುಲೆನ್ಸ್ ನಿಂತ್ರೆ ಆವಮ್ಮ ಎದೆ ಒಡ್ಕಂಡು ಸಾಯ್ತದೆ. ಆಮೇಲೆ ಅದೇ ಗಾಡೀಲಿ ಯಾರ ಆಕ್ಕಂಡ್ ಬರನ?" ಅಂದರು ಮಾವ.

ರೇಷ್ಮೆಗೂಡು ಸಾಗಿಸುತ್ತಿದ್ದ ಒಂದು ಹಳೆಯ ಪಿಕಪ್ ಗಾಡಿಯನ್ನು ಮಾವ ಕೊಂಡರು. ಮಗ್ಗ ಬಿಚ್ಚಿದ ಮರದಿಂದ ಅದರ ಮೇಲೊಂದು ಕೋಣೆ ಕಟ್ಟಿದರು. ಮಂಚ, ಒಲೆ, ನೀರಿನ ಡ್ರಮ್ಮು, ಎರಡು ಕಿಟಕಿ. ಅಷ್ಟಕ್ಕೆ ಬಿಟ್ಟರೇ? ಅಡುಗೆಕಟ್ಟೆಗೆ ಗ್ರಾನೈಟ್ ಕಲ್ಲು ಹಾಸಿದರು! ಗಾಡಿಯ ಹಿಂಭಾಗ ಕುಸಿದು ಮೂತಿ ಮೇಲೆದ್ದಿತು. ದೀಪ ಹಾಕಿದರೆ ಬೆಳಕು ರಸ್ತೆಗೆ ಬೀಳದೆ ತೆಂಗಿನ ಗೊನೆಗಳ ಮೇಲೆ ಬೀಳುತ್ತಿತ್ತು. ಎದುರು ಮನೆಯ ಮುದುಕ ದಿನಾ ಬೆಳಿಗ್ಗೆ ಬಂದು ಅದನ್ನು ನೋಡಿ, "ಸಾ, ನಿಮ್ ಗಾಡಿ ಮುದ್ದೆ ಉಂಡು ಎದ್ದೇಳಕಾಗ್ದೆ ಕುಂತಂಗದೆ" ಅಂತ ಹೇಳಿ ಹೋಗುತ್ತಿದ್ದ.

ಮಾವ ಫೋನಿನಲ್ಲಿ ವಿಡಿಯೋ ನೋಡತೊಡಗಿದರು. ಹೊರದೇಶದಲ್ಲಿ ಜನ ಗಾಡಿಯ ಮೇಲೆ ಮನೆ ಹೊತ್ತು ತಿರುಗುತ್ತಾರಂತೆ, ಹಿಂಭಾಗ ಕುಸಿಯದಂತೆ ಸ್ಪ್ರಿಂಗ್ ಪಟ್ಟಿಯ ಪಕ್ಕದಲ್ಲಿ ರಬ್ಬರಿನ ಗಾಳಿಚೀಲ ಕೂರಿಸುತ್ತಾರಂತೆ. ಕೊರಿಯರ್‌ನಲ್ಲಿ ಎರಡು ಚೀಲ ಬಂದೇಬಿಟ್ಟವು. ಬಿಸಿನೀರು ತುಂಬಿ ಬೆನ್ನಿಗೆ ಇಟ್ಟುಕೊಳ್ಳುವ ಚೀಲವೆಂದು ತಿಳಿದು ಅತ್ತೆ ನೀರು ಕಾಯಿಸಲು ಇಟ್ಟರು.

"ಇದು ನಿನ್ ಬೆನ್ಗೇಯ. ಆದ್ರೆ ಗಾಡಿಗೆ ಆಕದು" ಅಂದರು ಮಾವ.

"ಅಂಗಾರೆ ನಂಗೆ ಕೊಟ್ಟ ಮಾತ್ರೆಯೂ ಗಾಡಿಗೇ ಆಕಿ" ಅಂದರು ಅತ್ತೆ.

ನನಗೆ ಕೆಲಸ ಯಳಂದೂರಿನಲ್ಲಿ. ಭಾನುವಾರ ಬಂತೆಂದರೆ ಮಾವನ ಫೋನು. ಆ ಭಾನುವಾರ ಹೋದಾಗ ಗಾಡಿ ಜಾಕಿನ ಮೇಲಿತ್ತು, ಮಾವ ಗಾಡಿಯ ಕೆಳಗಿದ್ದರು. ಚಕ್ರದ ಅಚ್ಚಿಗೂ ಮೇಲಿನ ಚಾಸಿಗೂ ನಡುವೆ ಇದ್ದ ರಬ್ಬರ್ ಉಂಡೆಯನ್ನು ತೆಗೆದು ಅಲ್ಲಿ ಚೀಲ ಕೂರಿಸಿ ಬೋಲ್ಟು ಬಿಗಿದರು. ಚೀಲದಿಂದ ಹೊರಡುವ ಸಣ್ಣ ಪೈಪುಗಳು ಸೈಲೆನ್ಸರಿಗೆ ತಾಕಿದರೆ ಕರಗುತ್ತವೆ. ಅವನ್ನು ಎಳೆಯ ಹಾಗೆ ಬೆರಳಲ್ಲಿ ಹಿಡಿದು, ದೂರದಿಂದ ಸುತ್ತಿ ತಂದು, ನಂಬರ್ ಪ್ಲೇಟಿನ ಪಕ್ಕ ಗಾಳಿ ತುಂಬುವ ಬಾಯಿಗೆ ಸೇರಿಸಿದರು. ಸುಳ್ಳು ಯಾಕೆ ಹೇಳಲಿ, ಕೆಲಸ ನೋಡಲು ಚೆನ್ನಾಗಿತ್ತು. ಇಷ್ಟು ಗಾಳಿಗಿಂತ ಕಡಿಮೆ ಬೇಡ, ಇಷ್ಟಕ್ಕಿಂತ ಹೆಚ್ಚು ಬೇಡ ಅಂತ ಡಬ್ಬಿಯ ಮೇಲೆ ಬರೆದಿತ್ತು. ಮಾವ ಪಂಚರ್ ಅಂಗಡಿಗೆ ಹೋಗಿ ಆ "ಹೆಚ್ಚು ಬೇಡ" ಅನ್ನುವಷ್ಟನ್ನೂ ತುಂಬಿಸಿದರು. ಚೀಲಕ್ಕೆ ಬೆರಳಿನಿಂದ ತಟ್ಟಿದರು. ಟಣ್ ಅಂತು.

"ಇದು ಬಿಗಿ ಅಂದ್ರೆ" ಅಂದರು.

ಗಾಡಿಯೇನೋ ಹಸೆಗೆ ಬಂದ ಮದುವಣಿಗನ ಹಾಗೆ ನೆಟ್ಟಗೆ ನಿಂತಿತು. ಎದುರು ಮನೆಯ ಮುದುಕನಿಗೆ ಹೇಳಲು ಏನೂ ಉಳಿಯಲಿಲ್ಲ.

ಆಮೇಲೆ ಪರೀಕ್ಷೆ. ಅಂಚಿನವರೆಗೆ ತುಂಬಿದ ಲೋಟ ಚೆಲ್ಲದೆ ಇದ್ದರೆ ಮಾತ್ರ ಅತ್ತೆಯನ್ನು ಹತ್ತಿಸುವುದು ಅಂತ ಮಾವ ಶಪಥ ಮಾಡಿದ್ದರು. ಹಿಂದೆ ಮಂಚದ ಮೇಲೆ ನಾನು, ನನ್ನ ಮುಂದೆ ಒಂದು ಲೋಟ ಮಜ್ಜಿಗೆ. ಯಳಂದೂರು ರಸ್ತೆಯಲ್ಲಿ ಮಾಂಬಳ್ಳಿಯವರೆಗೆ ಹೋಗಿ ಬರುವುದು. ಮೊದಲ ರೋಡ್ ಹಂಪಿನಲ್ಲೇ ಮಜ್ಜಿಗೆ ಸೂರಿಗೆ ಹೋಯಿತು. ಎರಡನೆಯದರಲ್ಲಿ ನಾನು ಹೋದೆ. ಮೊದಲು ಕುಸಿದಿದ್ದ ಗಾಡಿ ಈಗ ಕಲ್ಲಿನ ಹಾಗೆ ಗಟ್ಟಿಯಾಗಿ, ಸಣ್ಣ ಹಳ್ಳಕ್ಕೂ ಒದೆಯುತ್ತಿತ್ತು. ಮಾಂಬಳ್ಳಿಯಲ್ಲಿ ಬಾಗಿಲು ತೆಗೆದ ಮಾವ ನನ್ನನ್ನು ನೋಡಲಿಲ್ಲ, ಲೋಟವನ್ನು ನೋಡಿದರು.

"ಲೋಟದ ತಳ ಸರಿ ಇಲ್ಲ ಕಣ್ಲಾ. ಮುಂದಿನ್ವಾರ ಚೊಂಬು ತಕಂಡ್ ಬರನ."

ಚೊಂಬೂ ಆಯಿತು, ಪಾತ್ರೆಯೂ ಆಯಿತು. ಕಡೆಗೆ ಅತ್ತೆ ತಾವೇ ಹಟ ಹಿಡಿದು ಹತ್ತಿದರು. ಕೌದಳ್ಳಿಗೆ ಫೋನು ಮಾಡಿ, ಅಕ್ಕನಿಗೆ ಅವರೇಕಾಳು ನೆನೆಸಲು ಹೇಳಿದರು. ಹನೂರು ಮುಟ್ಟುವಷ್ಟರಲ್ಲಿ ಅವರ ಮುಖ ಬಿಳಿಚಿಕೊಂಡಿತ್ತು. ತುಟಿ ಕಚ್ಚಿಕೊಂಡು, "ತಿರುಗ್ಸಿ" ಅಂದರು. ಗಾಡಿ ತಿರುಗಿತು. ಅಕ್ಕನ ಮನೆಯಲ್ಲಿ ಆ ಅವರೇಕಾಳನ್ನು ಏನು ಮಾಡಿದರೋ ನಾನು ಕೇಳಲಿಲ್ಲ.

ಮನೆಗೆ ಬಂದು ಮಲಗಿದ ಮೇಲೆ ಅತ್ತೆಯೇ ಹೇಳಿದರು. "ವಸಿ ಗಾಳಿ ಬುಡಿ."

"ಸಡ್ಲ ಮಾಡದಾ?" ಮಾವನಿಗೆ ಯಾರೋ ಬೈದ ಹಾಗಾಯಿತು.

"ನೀವು ನೇಯದು ಮಗ್ಗದ್ ಸೀರೆ. ನಾನ್ ಕಟ್ಟಿದ್ದು ಜೋಲಿ ಸೀರೆ. ಜೋಲಿಯ ಮಗ್ಗದಂಗೆ ಬಿಗುದ್ರೆ ಮಗ ನಿದ್ದೆ ಮಾಡ್ತದಾ?"

ನಾದಿನಿಯರ ಮಕ್ಕಳನ್ನೆಲ್ಲ ಸೀರೆಯ ಜೋಲಿಯಲ್ಲಿ ತೂಗಿ ಮಲಗಿಸಿದವರು ಅತ್ತೆ. ಅದರಲ್ಲಿ ಮಲಗಿದ ಮಕ್ಕಳಲ್ಲಿ ನಾನೂ ಒಬ್ಬ. ಅವರ ಮಾತು ನೂರಕ್ಕೆ ನೂರು ಸರಿ ಅಂತ ಈಗ ಗೊತ್ತು. ಆಗ ನಾನು ನಕ್ಕೆ. ಮಾವ ಎದ್ದು ಹೊರಗೆ ಹೋದರು. ಜೀವಮಾನವಿಡೀ ಬಿಗಿಯನ್ನೇ ನಂಬಿದವರಿಗೆ ಹೆಂಡತಿ ಮಲಗಿದಲ್ಲಿಂದಲೇ ಸಡಿಲ ಮಾಡಿ ಅಂದರೆ ಹೇಗಾಗಬೇಡ? ಮುಂದೆ ಅವರು ಗಾಳಿಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಬದಲಾಯಿಸಿದರು. ಹಾಸಿಗೆಯ ಮೇಲೆ ಹಾಸಿಗೆ ಹಾಕಿ ಅತ್ತೆಯ ಮೂಗು ಸೂರಿಗೆ ತಾಕುವಂತೆ ಮಾಡಿದರು. ಮಂಚವನ್ನು ಹಗ್ಗದಲ್ಲಿ ನೇತು ಹಾಕಿದರು, ಆ ಹಗ್ಗವನ್ನೂ ಬಿಗಿದರು.

ಫೋನಿನಲ್ಲಿ ಅಕ್ಕ ಕೇಳುತ್ತಿದ್ದರು. "ನಿನ್ ಗಂಡನ್ ಗಾಡಿ ಎಲ್ಲಿಗಂಟ ಬಂತವ್ವ?"

"ಬಾಗ್ಲಲ್ಲೇ ಅದೆ ಕಣಕ್ಕ."

"ಬರ್ಲಿ ಬುಡು. ನಾನೇನ್ ಓಡೋಯ್ತೀನಾ?"

ಇಬ್ಬರೂ ನಗುತ್ತಿದ್ದರು. ಮಾವನೂ ಕೇಳಿಸಿಕೊಂಡು ನಗುತ್ತಿದ್ದರು. ಎಲ್ಲರೂ ನಕ್ಕುಕೊಂಡೇ ಒಂದು ವರ್ಷ ಕಳೆದುಬಿಟ್ಟೆವು.

ಒಂದು ಬೆಳಿಗ್ಗೆ ಕೌದಳ್ಳಿಯಿಂದ ಫೋನು ಬಂತು. ಅಕ್ಕ ಫೋನಿನಲ್ಲಿ ಇರಲಿಲ್ಲ. ಅವರ ಮಗ ಮಾತಾಡಿದ. ರಾತ್ರಿ ಮಲಗಿದವರು ಏಳಲಿಲ್ಲ ಅಂದ.

ನಾನು ಯಳಂದೂರಿನಿಂದ ಹೋಗುವಷ್ಟರಲ್ಲಿ ಅತ್ತೆ ಗಾಡಿಯೊಳಗೆ ಮಲಗಿದ್ದರು. ತಲೆ ಬಾಚಿಕೊಂಡಿರಲಿಲ್ಲ. ಯಾರೋ ಕೊಟ್ಟ ಕಾಫಿಯನ್ನು ಕುಡಿಯದೆ ಗ್ರಾನೈಟ್ ಕಟ್ಟೆಯ ಮೇಲೆ ಇಟ್ಟಿದ್ದರು. ಮಾವ ಗಾಡಿಯ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಕೈಯಲ್ಲಿ ಒಂದು ಮೊಳೆ ಇತ್ತು. ಅದನ್ನು ಗಾಳಿಯ ಬಾಯಿಗೆ ಒತ್ತಿದರು. ಬುಸ್ಸೆಂದು ಗಾಳಿ ಹೊರಟು ಗಾಡಿ ನಿಧಾನಕ್ಕೆ ಕುಗ್ಗಿತು.

"ಸಾಕಾ?" ಕೆಳಗಿನಿಂದ ಮಾವ ಕೂಗಿದರು.

"ಇನ್ನೊಸಿ" ಅಂದರು ಅತ್ತೆ ಒಳಗಿನಿಂದ.

"ಈಗ?"

ಮಾವ ಮೊಳೆಯನ್ನು ಜೇಬಿಗೆ ಹಾಕಿಕೊಂಡು ಹೋಗಿ ಗಾಡಿ ಶುರು ಮಾಡಿದರು.

ನಾನು ಅತ್ತೆಯ ಪಕ್ಕ ಕೂತೆ. ಹನೂರು ಬಂತು, ಹೋಯಿತು. ಅದೇ ರಸ್ತೆ, ಅವೇ ಹಂಪುಗಳು. ಗಾಡಿ ಒಮ್ಮೆ ಏಳುತ್ತಿತ್ತು, ಒಮ್ಮೆ ಇಳಿಯುತ್ತಿತ್ತು, ಎಲ್ಲೂ ಒದೆಯಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಕಟ್ಟೆಯ ಕಡೆ ನೋಡಿದೆ. ಕಾಫಿ ಲೋಟ ತುಂಬಿದ್ದು ತುಂಬಿದ ಹಾಗೆಯೇ ಇತ್ತು. ಸುತ್ತ ಒಂದು ತೊಟ್ಟೂ ಚೆಲ್ಲಿರಲಿಲ್ಲ. ಅತ್ತೆಗೆ ಹೇಳೋಣವೆಂದು ತಿರುಗಿದರೆ ಅವರಿಗೆ ನಿದ್ದೆ ಹತ್ತಿತ್ತು. ಬೆಳಗಿನಿಂದ ಅತ್ತು ಅತ್ತು ಸುಸ್ತಾಗಿದ್ದವರು ಬಾಯಿ ತುಸು ತೆರೆದು, ಮಕ್ಕಳ ಹಾಗೆ ಮಲಗಿದ್ದರು.

ಕೌದಳ್ಳಿಯ ಮನೆಗಳು ಕಾಣುವಾಗ ಗಾಡಿ ಹುಣಸೆಮರದ ಕೆಳಗೆ ನಿಂತಿತು. ನಾನು ಸದ್ದಿಲ್ಲದೆ ಇಳಿದೆ. ಮಾವ ಆಗಲೇ ಇಳಿದು ಕಿಟಕಿಯಿಂದ ಒಳಗೆ ನೋಡುತ್ತಿದ್ದರು.

"ಯಾಕೆ ನಿಲ್ಸಿದ್ರಿ ಮಾವ? ಅಲ್ಲಿ ಕಾಯ್ತಾ ಇರ್ತಾರೆ. ಎಬ್ಬಿಸ್ಲಾ?"

"ಬ್ಯಾಡ ಕಣ್ಲಾ. ವಸಿ ಒತ್ತು ಮಲಗ್ಲಿ." ಮಾವ ದನಿ ತಗ್ಗಿಸಿದರು. "ಎದ್ದ ಏಟ್ಗೆ ಅವಳಕ್ಕ ಸತ್ತೋಗಿರ್ತಾಳೆ."

ಮಾವ ಒಂದು ಕೈಯಲ್ಲಿ ಬಾಗಿಲಿನ ಚಿಲಕ ಅಲುಗದಂತೆ ಹಿಡಿದು ನಿಂತಿದ್ದರು. ಇನ್ನೊಂದು ಕೈ ಜೇಬಿನೊಳಗೆ ಮೊಳೆಯನ್ನು ಹುಡುಕುತ್ತಿತ್ತು.

"ಈಟು ಗಾಳಿ ಬುಡಕೆ ನಂಗೊಂದು ವರ್ಷ ಬೇಕಾಯ್ತಲ್ಲೋ" ಅಂದರು.

ಅಷ್ಟರಲ್ಲಿ ತಿರುವಿನಲ್ಲಿ ಬೆಟ್ಟದ ಬಸ್ಸು ಕಾಣಿಸಿತು. ಆ ತಿರುವಿನಲ್ಲಿ ಎಲ್ಲ ಬಸ್ಸುಗಳೂ ಹಾರ್ನ್ ಹೊಡೆಯುತ್ತವೆ. ಮಾವ ಚಿಲಕವನ್ನು ನನ್ನ ಕೈಗೆ ಕೊಟ್ಟು ರಸ್ತೆಯ ನಡುವಿಗೆ ಓಡಿದರು. ಬಸ್ಸಿಗೆ ಎದುರಾಗಿ ನಿಂತು, ಒಂದು ಕೈಯನ್ನು ಅಡ್ಡ ಹಿಡಿದು, ಇನ್ನೊಂದು ಕೈಯ ಬೆರಳನ್ನು ತುಟಿಯ ಮೇಲೆ ಇಟ್ಟುಕೊಂಡರು.