ಅಕ್ಕಿ ಆರಿಸೋ ಮಷೀನಿನ ಜೋಡಿ ನನ್ನ ಪಂದ್ಯ

ಗಿರಣಿಯಲ್ಲಿ ದುಡಿದವನಿಗೆ ನಗು ಹುಡುಕಿಕೊಂಡು ಹೋಗುವ ಕೆಲಸ ಇಲ್ಲರಿ. ತೌಡಿನ ಹಾಗೆ ಅದೇ ಬಂದು ಮೈಗೆ ಮೆತ್ತುತ್ತದೆ.

೧. ಕಣ್ಣು

ಬೇವೂರಿನ ಜೋಳದ ರೊಟ್ಟಿ ತಿಂದು ಬೆಳೆದ ನಾನು ಗಂಗಾವತಿಯ ಅಕ್ಕಿ ಗಿರಣಿ ಸೇರಿದಾಗ ಅಕ್ಕಿ ಆರಿಸಲು ಮಷೀನು ಇರಲಿಲ್ಲ, ನನ್ನ ಕಣ್ಣಿತ್ತು. ಬೊಗಸೆ ಅಕ್ಕಿ ಮೇಲಕ್ಕೆ ತೂರಿದರೆ, ಕೆಳಗೆ ಬೀಳುವುದರೊಳಗೆ ಕರಿ ಕಾಳೆಲ್ಲ ಹೆಕ್ಕಿರುತ್ತಿದ್ದೆ. ನೋಡಲು ಕುಷ್ಟಗಿಯಿಂದ ಜನ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ಒಂದು ದಿನ ಇದನ್ನೇ ಮನೆಯಲ್ಲಿ ಹೇಳುತ್ತ ಉಣ್ಣುತ್ತಿದ್ದೆ. ಅನ್ನದಲ್ಲಿ ಹರಳು ಸಿಕ್ಕು ಹಲ್ಲು ಮುರಿಯಿತು. ಹೆಂಡತಿ ಅಂದಳು: "ಮುಂದಿನ ತುತ್ತು ಮ್ಯಾಲ ತೂರಿ ನೋಡ್ರಿ!"

೨. ಓದುವ ಮಷೀನು

ಆಮೇಲೆ ಕ್ಯಾಮೆರಾ ಕಣ್ಣಿನ ಮಷೀನು ಬಂತು. ಒಳ್ಳೆ ಕಾಳು ಹೇಗಿರಬೇಕೆಂದು ಒಂದೊಂದು ಜಾತಿ ಅಕ್ಕಿಗೆ ಒಂದೊಂದು ಪಾಠ ಅದರ ಹೊಟ್ಟೆಯಲ್ಲಿ. ಹೊಂದದ ಕಾಳನ್ನು ಫೂ ಎಂದು ಊದಿ ಆಚೆ ಎಸೆಯುತ್ತಿತ್ತು. ಪಕ್ಕದಲ್ಲಿ ಸ್ಟೂಲು ಹಾಕಿ ಕೂತು, ಅದರ ಕಣ್ಣು ತಪ್ಪಿದ ಕಾಳು ಹೆಕ್ಕುವುದು ನನ್ನ ಕೆಲಸ. ಆದರೆ ಬೆಳಿಗ್ಗೆ ಶುರು ಮಾಡಿದರೆ, ಬಂದದ್ದು ಸೋನಾ ಮಸೂರಿ ಒಂದೇ ಆದರೂ, ಎಲ್ಲ ಪಾಠ ಓದಿ ಮುಗಿಸದೆ ಒಂದು ಕಾಳೂ ಮುಟ್ಟುತ್ತಿರಲಿಲ್ಲ. ಅಷ್ಟೊತ್ತು ನಮಗೆ ಮಿರ್ಚಿ, ಮಂಡಾಳು, ಚಹಾ, ನಡುವೆ ನನ್ನ ಕಥೆ. ಎಂಥಾ ಕಾಲ ರೀ ಅದು! ಗಿರಣಿಯ ಸಾಹುಕಾರರು ಬಂದು "ಯಾಕ ಕುಂತೀರಿ?" ಎಂದರೆ ಹಮಾಲ ಹೇಳುತ್ತಿದ್ದ: "ಮಷೀನ್ ಓದಾಕ ಹತ್ತೈತ್ರಿ ಧಣಿ. ನಾವಂತೂ ಸಾಲಿ ಕಲೀಲಿಲ್ಲ, ಅದಾದ್ರೂ ಕಲೀಲಿ!"

೩. ಪಂದ್ಯ

ಮೊನ್ನೆ ಕಂಪನಿಯ ಮಿಸ್ತ್ರಿ ಬಂದು ಅದನ್ನು ಬದಲಿಸಿದ. ಈಗ ಯಾವ ಅಕ್ಕಿ ಬಂತೋ ಅದರ ಪಾಠ ಮಾತ್ರ, ಬಂದಾಗ ಮಾತ್ರ ಓದುತ್ತದೆ. ಚಹಾ ಆರುವಷ್ಟೂ ಪುರುಸೊತ್ತಿಲ್ಲ. ಸಾಹುಕಾರರು ಅಂದರು: "ಕಾಕಾ, ಇನ್ನ ನಿಮ್ಮ ಕಣ್ಣು ಬ್ಯಾಡ. ನಾಳಿಂದ ಮನ್ಯಾಗ ಆರಾಮ ಇರ್ರಿ."

ಮಷೀನಿನ ಪಕ್ಕದ ನನ್ನ ಸ್ಟೂಲು ಹೋಗುತ್ತದಲ್ಲ! "ಪಂದ್ಯ ಕಟ್ರಿ" ಎಂದೆ. "ಒಂದ ಚೀಲ. ಅದಕ್ಕ ಅರ್ಧ, ನನಗ ಅರ್ಧ. ಸೋತ್ರ ಹೋಗ್ತೀನಿ."

ಪಂದ್ಯದ ದಿನ ಗಿರಣಿಯ ಪದ್ಧತಿಯಂತೆ ಊದಿನಕಡ್ಡಿ ಬೆಳಗಿದೆ. ವೈರಿಯಾದರೇನು, ಮಷೀನಿನ ಹಣೆಗೂ ಧಾರಾಳವಾಗಿ ಕುಂಕುಮ ಹಚ್ಚಿದೆ. ಶುರುವಾದದ್ದೇ ತಡ, ಮುತ್ತಿನಂಥ ಅಕ್ಕಿಯನ್ನೆಲ್ಲ ಫೂ ಫೂ ಎಂದು ಊದಿ ಕಸಕ್ಕೆ ಹಾಕಿತು! ನಾನು ಮೀಸೆ ತಿರುವಿದೆ.

ಮಿಸ್ತ್ರಿ ಬಗ್ಗಿ ನೋಡಿ ಕೂಗಿದ: "ಕಾಕಾ, ಇದರ ಕಣ್ಣಿನ ಗಾಜಿಗೆ ಕುಂಕುಮ ಬಡ್ದೀರಲ್ರೀ!"

"ಹಣಿ ಎಲ್ಲೈತಿ ಅಂತ ನಿಮ್ಮ ಕಂಪನಿಯವ್ರು ಹೇಳ್ಯಾರೇನು?"

ಸಾಹುಕಾರರು ಹೊಟ್ಟೆ ಹಿಡಿದು ನಕ್ಕರು. ಕಣ್ಣೊರೆಸಿಕೊಂಡು, "ಸ್ಟೂಲ್ ಬಿಡಬ್ಯಾಡ್ರಿ ಕಾಕಾ. ಕುಂಕುಮ ಹಿಡ್ಕೊಂಡು ಯಾರೂ ಇದರ ಹತ್ರ ಬರದಂಗ ಕಾಯ್ರಿ" ಅಂದರು.

ಅವತ್ತಿನಿಂದ ಕಾಯುತ್ತಿದ್ದೇನೆ. ನನಗೆ ಅಂಜಿ ಒಬ್ಬನೂ ಬಂದಿಲ್ಲ ನೋಡ್ರಿ!