ತನುಶ್ರೀಯ ಎಡಗಾಲು

ತುಮಕೂರಿನ ಶೆಟ್ಟಿಹಳ್ಳಿಯ ಚಿಕ್ಕಮಾರಯ್ಯನವರು ಆ ಭಾನುವಾರ ಬೆಳಿಗ್ಗೆ ಗ್ಯಾಸ್ ಸಿಲಿಂಡರನ್ನು ತಾವೇ ಎತ್ತುತ್ತೇನೆಂದು ಹಟ ಹಿಡಿಯದೆ ಇದ್ದಿದ್ದರೆ, ಎದುರುಮನೆಯ ತನುಶ್ರೀ ಇಷ್ಟು ಹೊತ್ತಿಗೆ ಕುಣಿಗಲ್ಲಿನಲ್ಲಿ ಖೋ ಖೋ ಆಡಿ, ಕಪ್ಪು ಹಿಡಿದುಕೊಂಡು ಫೋಟೋ ತೆಗೆಸಿಕೊಂಡಿರುತ್ತಿದ್ದಳು. ಆದರೆ ಮನುಷ್ಯ ಎಲ್ಲಿ ಮಾತು ಕೇಳುತ್ತಾನೆ? "ನಾನೇನ್ ಮುದುಕ್ನಾ?" ಅಂದರು, ಬಗ್ಗಿದರು, ಸಿಲಿಂಡರನ್ನು ಒಂದು ಗೇಣು ಎತ್ತಿದರು. ಸೊಂಟದಲ್ಲಿ 'ಚಳಕ್' ಅಂದಿತು. ಸಿಲಿಂಡರ್ ಕೆಳಗಿಳಿಯಿತು. ಚಿಕ್ಕಮಾರಯ್ಯನವರು ಮಾತ್ರ ಮೇಲೇಳಲಿಲ್ಲ.

ಅವರ ಕೂಗು ಕೇಳಿ ಮೊದಲು ಓಡಿ ಬಂದವರು ತನುಶ್ರೀಯ ಅಜ್ಜಿ ರಂಗಲಕ್ಷ್ಮಮ್ಮ. ಸೊಂಟ ನೋಡಿದರು, ಮುಖ ನೋಡಿದರು, ತೀರ್ಪು ಕೊಟ್ಟರು.

"ಉಳುಕೈತೆ. ಇದ್ಕೆ ಆಸ್ಪತ್ರೆ ಯಾಕೆ? ನಮ್ ತನು ಕಾಲು ಮುಂದಾಗಿ ಹುಟ್ಟಿದ್ ಮಗ. ಎಡಗಾಲಲ್ಲಿ ಮೂರು ಒದೆ ಒದ್ರೆ ಉಳುಕು ಇದ್ದ ಜಾಗ ಬುಟ್ಟು ಓಡೋಯ್ತದೆ."

ನಮ್ಮ ಕಡೆ ಇದು ಮುತ್ತಜ್ಜಿಯರ ಕಾಲದ ನಂಬಿಕೆ. ತಲೆಯ ಬದಲು ಕಾಲು ಮೊದಲು ಹೊರಗೆ ಹಾಕಿ ಹುಟ್ಟಿದವರ ಒದೆಗೆ ಸೊಂಟದ ಉಳುಕು ಬಿಡುತ್ತದೆ ಎನ್ನುತ್ತಾರೆ. ಡಾಕ್ಟರುಗಳು ಕೇಳಿದರೆ ನಗುತ್ತಾರೆ. ತಮ್ಮ ಸೊಂಟ ಹಿಡಿದಾಗ ಮಾತ್ರ ಅವರೂ ಆಚೀಚೆ ನೋಡಿ, "ನಿಮ್ಮ ಪೈಕಿ ಹಂಗೆ ಹುಟ್ಟಿದೋರು ಯಾರಾದ್ರೂ ಇದಾರಾ?" ಅಂತ ಮೆಲ್ಲಗೆ ವಿಚಾರಿಸುತ್ತಾರೆ.

ತನುಶ್ರೀ ಆಗ ತನ್ನ ಮನೆ ಬಾಗಿಲಲ್ಲಿ ಕೂತು ಶೂ ಲೇಸು ಕಟ್ಟಿಕೊಳ್ಳುತ್ತಿದ್ದಳು. ಆರನೇ ಕ್ಲಾಸು. ಇಡೀ ಸ್ಕೂಲಿನಲ್ಲಿ ಅವಳಷ್ಟು ಜೋರಾಗಿ ಓಡುವವರಿಲ್ಲ. ಮಧ್ಯಾಹ್ನ ಮೂರಕ್ಕೆ ಸ್ಕೂಲ್ ಗ್ರೌಂಡಿನಲ್ಲಿ ಖೋ ಖೋ ಟೀಮಿನ ಸೆಲೆಕ್ಷನ್. ಆಯ್ಕೆಯಾದವರಿಗೆ ಮುಂದಿನ ವಾರ ಕುಣಿಗಲ್ಲಿನಲ್ಲಿ ಮ್ಯಾಚ್. ಹೋದ ವರ್ಷ ಸೆಲೆಕ್ಷನ್ ದಿನವೇ ಮೈಮೇಲೆ ಅಮ್ಮ ಎದ್ದು, ಬೇವಿನ ಸೊಪ್ಪಿನ ಮಧ್ಯೆ ಮಲಗಿದ್ದಳು. ಆಮೇಲೆ ಮ್ಯಾಚಿಗೆ ಹೊರಟ ಗೆಳತಿಯರ ಬಸ್ಸು ಕೂಗುತ್ತ ಹೋದದ್ದನ್ನು ಕಿಟಕಿಯಿಂದ ನೋಡಿ ಅತ್ತಿದ್ದಳು. ಆವತ್ತಿನಿಂದ ಈವತ್ತಿನವರೆಗೆ ಅವಳು ಓಡದ ದಿನವಿಲ್ಲ.

ಅವಳಲ್ಲೊಂದು ವಿಚಿತ್ರವಿತ್ತು. ಓಡಬೇಕು ಅಂದುಕೊಂಡ ತಕ್ಷಣ ಎಡಗಾಲಿನ ಹೆಬ್ಬೆರಳು 'ಜುಮ್' ಅನ್ನುತ್ತಿತ್ತು. ಹಸಿವಾದರೆ ಎಲ್ಲರ ಹೊಟ್ಟೆಯೂ ಗುರ್ ಅನ್ನುವ ಹಾಗೆ, ಓಡುವಾಗ ಎಲ್ಲರ ಬೆರಳೂ ಜುಮ್ ಅನ್ನುತ್ತದೆ ಅಂದುಕೊಂಡು ಯಾರಿಗೂ ಹೇಳಿರಲಿಲ್ಲ.

"ಅಜ್ಜೀ, ದೊಡ್ಡೋರನ್ನ ಒದಿಯೋದಾ? ಪಾಪ ಬರಲ್ವಾ?"

"ಒದ್ದಾದ್ಮೇಲೆ ಕಾಲಿಗೆ ಬಿದ್ಬುಡು. ಅಲ್ಲಿಗಲ್ಲಿಗೆ ಸರಿಹೋಯ್ತದೆ."

ತನುಶ್ರೀ ಬೀದಿ ದಾಟಿ ಬಂದು, ಶೂ ಬಿಚ್ಚಿ, ಕಣ್ಣು ಮುಚ್ಚಿಕೊಂಡು ಒದ್ದಳು. ಒಂದು, ಎರಡು, ಮೂರು. ಹೆಬ್ಬೆರಳು ಜುಮ್ ಅಂದಿತು. ಹುರಿದ ಕಡಲೆಕಾಯಿಯ ವಾಸನೆ ಬಂತು. ಬೆರಳ ತುದಿಯಲ್ಲಿ ನೀಲಿ ಬೆಳಕೊಂದು ಮಿಣುಕಿ ಆರಿತು. ಚಿಕ್ಕಮಾರಯ್ಯನವರು ಲೈಟ್ ಕಂಬದ ಹಾಗೆ ನೆಟ್ಟಗೆ ನಿಂತರು.

ಕತೆ ಪುಸ್ತಕಗಳಲ್ಲಿ ಗಾಳಿಯಲ್ಲಿ ಹಾರುವ, ಮಾಯವಾಗುವ ಮಕ್ಕಳನ್ನು ಓದಿ, ತನಗೂ ಒಂದು ಶಕ್ತಿ ಕೊಡಪ್ಪಾ ಅಂತ ತನುಶ್ರೀ ದೇವರನ್ನು ಎಷ್ಟೋ ಸಲ ಬೇಡಿಕೊಂಡಿದ್ದಳು. ಕೊಟ್ಟಾಗ ಆ ದೇವರು ಕೊಟ್ಟದ್ದು ಒದೆಯುವ ಶಕ್ತಿ. ಅದೂ ಮುದುಕರ ಸೊಂಟಕ್ಕೆ!

"ಅಯ್ಯೋ ಮಗಳೇ, ನಿಂಗೆ ಥ್ಯಾಂ..." ಎಂದು ಚಿಕ್ಕಮಾರಯ್ಯನವರು ಬಾಯಿ ತೆರೆಯುವಷ್ಟರಲ್ಲಿ ರಂಗಲಕ್ಷ್ಮಮ್ಮ ಸೆರಗು ತೆಗೆದು ಅವರ ಬಾಯಿಗೆ ಅಡ್ಡ ಹಿಡಿದರು.

"ಥ್ಯಾಂಕ್ಸು, ಉಪಕಾರ ಅಂತೆಲ್ಲ ಅಂದೀರಾ, ಜೋಕೆ! ಒದ್ದೋರ ಶಕ್ತಿ ಹೊಂಟೋಯ್ತದೆ. ಬಾಯ್ ಮುಚ್ಕೊಂಡು ಹಿಂದಕ್ಕೆ ನೋಡ್ದಂಗೆ ನಡೀರಿ."

ನಡೆದರು. ನಡೆದವರು ಸುಮ್ಮನಿದ್ದರೆ? ಸಿಲಿಂಡರನ್ನು ಮತ್ತೆ ಎತ್ತಿ ಹೆಂಡತಿಗೆ ತೋರಿಸಿದರು. ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ವಾಯ್ಸ್ ಮೆಸೇಜ್ ಬಿಟ್ಟರು. ತಿಂಡಿ ತಿಂದು ಕೈ ತೊಳೆಯುವ ಹೊತ್ತಿಗೆ ತನುಶ್ರೀಯ ಮನೆ ಮುಂದೆ ಸಾಲು ನಿಂತಿತ್ತು. ತಡೆಯಲು ಅಪ್ಪ ಅಮ್ಮ ಊರಲ್ಲಿರಲಿಲ್ಲ, ಗುಬ್ಬಿಗೆ ನಾಮಕರಣಕ್ಕೆ ಹೋಗಿದ್ದರು. ಪಕ್ಕದ ಮನೆ ಓಬಳಮ್ಮ ಯಾರೂ ಹೇಳದಿದ್ದರೂ ಗೇಟಿನ ಉಸ್ತುವಾರಿ ವಹಿಸಿಕೊಂಡರು. ಎಲ್ಲರಿಗಿಂತ ಮೊದಲು ತಾವೇ ಚಾಪೆಯ ಮೇಲೆ ಬೋರಲು ಮಲಗಿದರು.

"ಆಂಟಿ, ನಿಮ್ಗೆಲ್ಲಿ ನೋವು?"

"ಈಗೇನಿಲ್ಲ ಕಣವ್ವ. ಮುಂದಕ್ಕೆ ಬಂದ್ರೆ ಇರ್ಲಿ ಅಂತ. ಅಡ್ವಾನ್ಸ್ ಅಂದ್ಕೊ."

ಆಮೇಲೆ ಆಟೋ ನಾಗೇಶ್ ಬಂದ. ಅಂತರಸನಹಳ್ಳಿಯಿಂದ ನೈಟ್ ಶಿಫ್ಟ್ ಮುಗಿಸಿದ ಫ್ಯಾಕ್ಟರಿಯವರು ಗಾಡಿಗಳಲ್ಲಿ ಇಬ್ಬಿಬ್ಬರಾಗಿ ಬಂದರು. ಒಬ್ಬರು ಬಾಳೆಹಣ್ಣು ತಂದರೆ ಇನ್ನೊಬ್ಬರು ತೆಂಗಿನಕಾಯಿ, ಮತ್ಯಾರೋ ಒಂದು ಸಿಹಿಗುಂಬಳಕಾಯಿ. ತನುಶ್ರೀ ಒದ್ದಳು, ಬಗ್ಗಿ ನಮಸ್ಕಾರ ಮಾಡಿದಳು, ಎದ್ದು ಮತ್ತೆ ಒದ್ದಳು. ಒದ್ದದ್ದಕ್ಕಿಂತ ನಮಸ್ಕಾರ ಮಾಡಿಯೇ ಅವಳು ಸುಸ್ತಾದಳು.

"ಅಜ್ಜೀ ಸಾಕು. ಮೂರು ಗಂಟೆಗೆ ಸೆಲೆಕ್ಷನ್ ಐತೆ."

"ಇನ್ನೆಂಥಾ ಸೆಲೆಕ್ಷನ್ನೇ? ಓಡಕ್ಕೋಗಿ ಆ ಕಾಲು ಮುರ್ಕೊಂಡ್ರೆ ಊರೋರ ಗತಿ ಏನು? ಇವತ್ತಿಗೆ ಖೋ ಖೋ ಬಂದ್. ನಾಳೆಯಿಂದ ಸ್ಕೂಲಿಗೆ ಮುಂಚೆ ಒಂದ್ ಬ್ಯಾಚು, ಸ್ಕೂಲ್ ಬುಟ್ಮೇಲೆ ಒಂದ್ ಬ್ಯಾಚು."

ತನುಶ್ರೀ ಗೇಟಿನಾಚೆಗಿನ ಸಾಲು ನೋಡಿದಳು. ಒಂದು ವರ್ಷದ ಓಟ, ಕುಣಿಗಲ್ಲಿನ ಬಸ್ಸು, ಕಿಟಕಿ ಪಕ್ಕದ ಸೀಟು, ಎಲ್ಲ ಹೋಯಿತಲ್ಲ! ಈ ಶಕ್ತಿ ತೊಲಗಿದರೆ ಮಾತ್ರ ತಾನು ಉಳಿದೇನು. ತೊಲಗಿಸುವ ದಾರಿಯನ್ನು ಅಜ್ಜಿಯೇ ಹೇಳಿದ್ದರು. ಯಾರಾದರೂ ಒಬ್ಬರು ಥ್ಯಾಂಕ್ಸ್ ಅಂದರೆ ಸಾಕು.

ಫ್ಯಾಕ್ಟರಿಯವನೊಬ್ಬ ಎದ್ದು ನಿಂತಾಗ ಅವಳು ಮೆಲ್ಲಗೆ ಕೇಳಿದಳು. "ಅಣ್ಣ, ನೋವೋಯ್ತಲ್ಲ. ನಂಗೇನಾದ್ರೂ ಹೇಳ್ಬೇಕು ಅನ್ಸಲ್ವಾ?"

"ಹೂಂ ಪುಟ್ಟಿ. ಬಲಗಡೆ ಇನ್ನೊಂದ್ ಸ್ವಲ್ಪ ಒದಿ."

ನಾಗೇಶನಿಗೆ ಒಂದು ಲೋಟ ನೀರು ಕೊಟ್ಟಳು. "ನಾಗೇಶಣ್ಣ, ಯಾರಾದ್ರೂ ನೀರು ಕೊಟ್ರೆ ಏನಂತಾರೆ?"

"ಫ್ರಿಜ್ಜಿಂದ್ ಇಲ್ವಾ ಅಂತಾರೆ."

ನಮ್ಮ ಜನಕ್ಕೆ ಉಪಕಾರ ಸ್ಮರಣೆ ಇಲ್ಲವೆಂದಲ್ಲ. ಅದು ಹೊಟ್ಟೆಯೊಳಗೆ ಭದ್ರವಾಗಿರುತ್ತದೆ, ಬಾಯಿಗೆ ಬರುವುದಿಲ್ಲ, ಅಷ್ಟೆ. ಇಡೀ ತುಮಕೂರಿನಲ್ಲಿ ಮಾತುಮಾತಿಗೆ ಥ್ಯಾಂಕ್ಯೂ ಅನ್ನುವವರು ತನುಶ್ರೀಗೆ ಗೊತ್ತಿದ್ದಂತೆ ಒಬ್ಬರೇ, ಪಿ.ಟಿ. ಮೇಷ್ಟ್ರು ಅಶ್ವಥ್ ಸರ್. ಚೆಂಡು ಎತ್ತಿಕೊಟ್ಟರೂ ಥ್ಯಾಂಕ್ಯೂ, ಬಾಗಿಲು ಹಾಕಿದರೂ ಥ್ಯಾಂಕ್ಯೂ. ಥ್ಯಾಂಕ್ಯೂ ಅನ್ನದ ಮಕ್ಕಳಿಗೆ ಗ್ರೌಂಡ್ ಸುತ್ತು ಹಾಕುವ ಶಿಕ್ಷೆ. 'ದೇವರೇ, ಸರ್ ಸೊಂಟ ಸ್ವಲ್ಪ ಉಳುಕಲಪ್ಪಾ, ಸ್ವಲ್ಪವೇ ಸ್ವಲ್ಪ' ಎಂದು ಬೇಡಿಕೊಂಡು, ತಕ್ಷಣ ಗಲ್ಲ ಗಲ್ಲ ಬಡಿದುಕೊಂಡಳು.

ಮೂರಕ್ಕೆ ಇನ್ನೇನು ಸ್ವಲ್ಪ ಹೊತ್ತಿದೆ ಅನ್ನುವಾಗ ಬಚ್ಚಲಿಗೆ ಹೋಗುತ್ತೇನೆಂದು ಎದ್ದವಳು ಹಿಂದಿನ ಕಾಂಪೌಂಡು ಹಾರಿ, ಮೂಲೆಯಲ್ಲಿ ನಿಂತಿದ್ದ ನಾಗೇಶನ ಆಟೋ ಹತ್ತಿ ಕೂತಳು. "ನಾಗೇಶಣ್ಣ, ಸ್ಕೂಲ್ ಗ್ರೌಂಡು! ಅಜ್ಜಿಗೆ ಹೇಳಿದ್ರೆ ಉಳುಕು ವಾಪಸ್ ಬರ್ತದೆ ನೋಡು." ನಾಗೇಶ್ ಹೆದರಿ, ಹಂಪು ಗುಂಡಿ ನೋಡದೆ ಓಡಿಸಿದ.

ಗ್ರೌಂಡಿನಲ್ಲಿ ಮಕ್ಕಳೆಲ್ಲ ದಿಕ್ಕಾಪಾಲಾಗಿ ಓಡುತ್ತಿದ್ದರು. ಯಾಕೆಂದರೆ ಸೀಟಿ ಒಂದೇ ಸಮನೆ 'ಪೀ... ಪೀ...' ಅನ್ನುತ್ತಿತ್ತು. ಖೋ ಖೋ ಕಂಬ ನೆಡಲು ಬಗ್ಗಿದ ಅಶ್ವಥ್ ಸರ್ ಬಗ್ಗಿದಲ್ಲೇ ನಿಂತುಬಿಟ್ಟಿದ್ದರು. ಸೀಟಿ ಬಾಯಲ್ಲೇ ಇತ್ತು. ನರಳಿದಾಗಲೆಲ್ಲ ಅದು ಊದುತ್ತಿತ್ತು, ಊದಿದಾಗಲೆಲ್ಲ ಮಕ್ಕಳು ಓಡುತ್ತಿದ್ದರು.

ತನುಶ್ರೀಯ ಕ್ಲಾಸಿನ ತ್ರಿವೇಣಿ ಏದುಸಿರು ಬಿಡುತ್ತ ಬಂದು ಸೀಟಿ ಕಿತ್ತಳು. "ಸೆಲೆಕ್ಷನ್ ಕ್ಯಾನ್ಸಲ್," ಎಂದು ಸರ್ ನೆಲಕ್ಕೆ ಹೇಳಿದರು. "ಎಲ್ಲಾ ಮನೆಗೋಗಿ. ನನ್ನನ್ನೂ ಯಾರಾದ್ರೂ ಮನೆಗೆ ಕರ್ಕೊಂಡೋಗಿ."

"ಸರ್, ನಾನು ಒದೀಲಾ?" ಅಂದಳು ತನುಶ್ರೀ.

"ಏನು?"

ತನುಶ್ರೀ ವಿವರಿಸಿದಳು. "ನಾನು ಸೈನ್ಸ್ ಓದಿದೋನು ಕಣಮ್ಮ," ಎಂದರು ಸರ್. ಅಷ್ಟರಲ್ಲಿ ಸೊಂಟ ಇನ್ನೊಮ್ಮೆ ಚಳಕ್ ಅಂದಿತು. "ಆಯ್ತು ಒದಿ. ಮೆಲ್ಲಗೆ ಒದಿ."

ಮೇಷ್ಟರಿಗೆ ಒದೆ ಬೀಳುವುದನ್ನು ನೋಡುವ ಭಾಗ್ಯ ಎಷ್ಟು ಮಕ್ಕಳಿಗೆ ಸಿಕ್ಕೀತು? ಎಲ್ಲರೂ ಸುತ್ತ ನಿಂತು ಸಂತೋಷದಿಂದ ಎಣಿಸಿದರು. "ಒಂದೂ! ಎರಡೂ! ಮೂರೂ!" ಕಡಲೆಕಾಯಿ ವಾಸನೆ ಬಂತು. ಸರ್ ಎದ್ದು ನಿಂತರು. ತನುಶ್ರೀ ಕಾಲಿಗೆ ಬಿದ್ದು, ಬಿದ್ದಲ್ಲಿಂದಲೇ ತಲೆಯೆತ್ತಿ ಅವರ ಬಾಯಿಯನ್ನೇ ನೋಡಿದಳು.

"ಥ್ಯಾಂಕ್ಯೂ," ಅಂದರು ಸರ್, ಸೊಂಟ ಸವರಿಕೊಳ್ಳುತ್ತ. "ಥ್ಯಾಂಕ್ಯೂ ವೆರಿ ಮಚ್ ತನುಶ್ರೀ!"

ಹೆಬ್ಬೆರಳ ಜುಮ್ಮು ಒಮ್ಮೆ ಜೋರಾಗಿ ಎದ್ದು, ಸರ್ರನೆ ಇಳಿದು, ಕರೆಂಟು ಹೋದ ಹಾಗೆ ನಿಂತುಹೋಯಿತು. ತನುಶ್ರೀ ಸಂತೋಷಕ್ಕೆ ಎರಡೂ ಕೈ ಮೇಲೆತ್ತಿ ಕುಣಿದಳು. ಇನ್ನು ಬ್ಯಾಚಿಲ್ಲ, ಸಾಲಿಲ್ಲ, ನಮಸ್ಕಾರವಿಲ್ಲ! ಸರ್ ಸೆಲೆಕ್ಷನ್ ಮತ್ತೆ ಶುರು ಮಾಡಿ ಸೀಟಿ ಊದಿದರು. ಓಡಿದಳು.

ಓಡಿದಳು ಅನ್ನುವುದು ಅವಳ ಮೇಲಿನ ಪ್ರೀತಿಗೆ ಹೇಳಿದ್ದು. ಬೆರಳು ಜುಮ್ ಅನ್ನಲಿಲ್ಲ. ಕಾಲುಗಳು ನೆನೆದ ಗೋಣಿಚೀಲದ ಹಾಗೆ ಭಾರವಾಗಿದ್ದವು. ಯಾವತ್ತೂ ಅವಳ ನೆರಳನ್ನೂ ಮುಟ್ಟಲಾಗದಿದ್ದ ತ್ರಿವೇಣಿ ಕಂಬ ದಾಟುವ ಮೊದಲೇ ಬಂದು ಬೆನ್ನು ಮುಟ್ಟಿದಳು. "ಯಾಕೇ, ಹುಷಾರಿಲ್ವೇನೇ?" ಎಂದು ಅವಳೇ ಕಂಗಾಲಾಗಿ ಕೇಳಿದಳು. ಇನ್ನೊಂದು ಅವಕಾಶ ಕೊಟ್ಟರು. ಆಗಲೂ ಅದೇ ಕತೆ. ಸರ್ ಹೆಸರು ಓದಿದರು. ತನುಶ್ರೀ ಅನ್ನುವ ಹೆಸರು ಬರಲಿಲ್ಲ. ಒದೆಗೂ ಓಟಕ್ಕೂ ಇದ್ದದ್ದು ಒಂದೇ ಜುಮ್ಮು ಅಂತ ಆಗ ಅವಳಿಗೆ ಅರ್ಥವಾಯಿತು. ನಡೆದುಕೊಂಡು ಮನೆಗೆ ಹೋದಳು, ದಾರಿಯುದ್ದಕ್ಕೂ ಅಳುತ್ತ.

ಮನೆ ಮುಂದೆ ಸಾಲು ಇನ್ನೂ ಇತ್ತು. ಎಲ್ಲರಿಗಿಂತ ಮುಂದೆ ಚಿಕ್ಕಮಾರಯ್ಯನವರು ಮತ್ತೆ ಬಗ್ಗಿಕೊಂಡೇ ನಿಂತಿದ್ದರು. ಬಂದ ನೆಂಟರಿಗೆಲ್ಲ ಸಿಲಿಂಡರ್ ಎತ್ತಿ ತೋರಿಸಿದ್ದರಂತೆ.

"ಶಕ್ತಿ ಹೋಯ್ತು. ಸರ್ ಥ್ಯಾಂಕ್ಯೂ ಅಂದ್ಬಿಟ್ರು," ಎಂದಳು ತನುಶ್ರೀ.

"ಸುಳ್ಳು! ಓಡೋಗಕ್ಕೆ ನೆಪ. ಎಲ್ಲಿ, ಒದ್ದು ತೋರ್ಸು," ಅಂದರು ಓಬಳಮ್ಮ.

ಒದ್ದಳು. "ಅಯ್ಯಯ್ಯಪ್ಪೋ, ಸಾಯಿಸ್ಬುಟ್ಳು!" ಎಂದು ಚಿಕ್ಕಮಾರಯ್ಯನವರು ಇದ್ದ ನೋವಿನ ಮೇಲೆ ಇನ್ನೊಂದು ನೋವು ಹೊತ್ತು ಕೂಗಿದರು. ಸಾಲು ಗೊಣಗುತ್ತ ಚದುರಿತು. ಸಿಹಿಗುಂಬಳಕಾಯಿಯವರು ಕುಂಬಳಕಾಯಿಯನ್ನೂ ವಾಪಸ್ ತೆಗೆದುಕೊಂಡು ಹೋದರು.

ಅಷ್ಟರಲ್ಲಿ ನಾಗೇಶ್ ಆಟೋ ತಂದು ಗಕ್ಕನೆ ನಿಲ್ಲಿಸಿದ. "ಅಜ್ಜೀ! ಆ ಪಿ.ಟಿ. ಮೇಷ್ಟ್ರು ಗ್ರೌಂಡಲ್ಲಿ ಓಡ್ತಾನೇ ಅವ್ರೆ, ಕುದ್ರೆ ಮರಿ ಹಂಗೆ! ನಿಲ್ಲಕ್ಕಾಗ್ತಿಲ್ವಂತೆ. ಎಡಗಾಲ್ ಹೆಬ್ಬೆಟ್ಟು ಜುಮ್ ಅಂತೈತಂತೆ. ವಾಚ್‌ಮನ್‌ಗೆ ಸೊಂಟ ನೋವಿತ್ತು, ಓಡೋವಾಗ ಕಾಲು ತಗುಲ್ತು, ಅವ್ನಿಗೂ ವಾಸಿಯಾಗೋಯ್ತು!"

ತನುಶ್ರೀ ಅಜ್ಜಿಯ ಕಡೆ ತಿರುಗಿದಳು. "ಅಜ್ಜೀ! ಶಕ್ತಿ ಹೋಗ್ತದೆ ಅಂದ್ಯಲ್ಲ!"

"ಹೋಯ್ತದೆ ಅಂದೆ. ಎಲ್ಲಿಗೆ ಹೋಯ್ತದೆ ಅಂತ ನೀನ್ ಕೇಳಿದ್ಯಾ?" ಅಂದರು ರಂಗಲಕ್ಷ್ಮಮ್ಮ. "ಥ್ಯಾಂಕ್ಸ್ ಅಂದೋರಿಗೆ ಹೋಯ್ತದೆ. ವಾಪಸ್ ಬೇಕಾದ್ರೆ ಅವ್ರ ಕೈಲಿ ಒದಿಸ್ಕೊಂಡು ನೀನೂ ಅನ್ಬೇಕು, ಅಷ್ಟೆಯ."

ಅಷ್ಟೇ ತಾನೇ! ತನುಶ್ರೀ ಕಣ್ಣೊರೆಸಿಕೊಂಡು ಅದೇ ಆಟೋದಲ್ಲಿ, ಅಷ್ಟರಲ್ಲಿ ಓಡುತ್ತಲೇ ಮನೆ ಸೇರಿದ್ದ ಅಶ್ವಥ್ ಸರ್ ಹತ್ತಿರ ಹೋದಳು. ವಾಟ್ಸಾಪ್ ಗ್ರೂಪಿನಲ್ಲಿ ಸುದ್ದಿ ಹಬ್ಬಿ, ಅವಳಿಗಿಂತ ಮುಂಚೆ ಸಾಲು ಅಲ್ಲಿಗೆ ಬಂದಾಗಿತ್ತು. ಓಬಳಮ್ಮ ಯಾರದೋ ಗಾಡಿಯ ಹಿಂದೆ ಕೂತು ಬಂದು ಗೇಟು ಹಿಡಿದಿದ್ದರು. ಥ್ಯಾಂಕ್ಸ್ ಅನ್ನದ ಹಾಗೆ ಎಲ್ಲರ ಬಾಯಿಗೂ ಟವೆಲ್ ಕಟ್ಟಿಸಿದ್ದರು. ಸಿಹಿಗುಂಬಳಕಾಯಿಯೂ ಅಲ್ಲೇ ಇತ್ತು.

ಸರದಿ ಬಂದಾಗ ತನುಶ್ರೀ ಸೊಂಟ ಹಿಡಿದುಕೊಂಡು ನರಳುತ್ತ ಚಾಪೆಯ ಮೇಲೆ ಮಲಗಿದಳು. "ಅಮ್ಮಾ... ಸರ್... ಮೂರೇ ಮೂರು ಸರ್..."

ಅಶ್ವಥ್ ಸರ್ ಎತ್ತಿದ ಕಾಲನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿದರು.

"ತನುಶ್ರೀ! ಏಳಮ್ಮ, ಮೊದ್ಲು ಎದ್ದೇಳು! ಮಕ್ಕಳ ಮೇಲೆ ಮೇಷ್ಟ್ರು ಕೈ ಮಾಡಂಗಿಲ್ಲ ಗೊತ್ತಾ? ಇನ್ನು ಒದ್ರೆ ಸಸ್ಪೆಂಡೇ. ಅಲ್ನೋಡು, ಸಾಲಲ್ಲಿರೋರು ವೀಡಿಯೋ ಬೇರೆ ಮಾಡ್ತಾ ಇದಾರೆ!"

"ಮೆಲ್ಲಗೆ ಸರ್. ಸುಮ್ನೆ ತಗುಲ್ಸಿ ಸಾಕು."

"ತಗುಲ್ಸೋದೂ ಇಲ್ಲ. ನಿನ್ನಿಂದ ಇಷ್ಟು ದೊಡ್ಡ ಉಪಕಾರ ಆಗಿದೆ, ನಾನು ಮರೆಯೋನಲ್ಲ," ಅಂದರು ಸರ್, ನಿಂತಲ್ಲೇ ಕುಣಿಯುತ್ತಿದ್ದ ಕಾಲನ್ನು ಕೈಯಲ್ಲಿ ಹಿಡಿದುಕೊಂಡು. "ಹತ್ತನೇ ಕ್ಲಾಸ್ ಪಾಸ್ ಮಾಡಿ, ಟಿ.ಸಿ. ತಗೊಂಡು ಬಾಮ್ಮ. ಅವತ್ತೇ ಮನಸಾರೆ ಒದಿತೀನಿ."